ಪಲ್ಪಿಂಗ್ ನೀರನ್ನು ತೋಡಿಗೆ ಬಿಡಬಹುದೇ?

ಪ್ರಶ್ನೆ: ನಮ್ಮದು 6 ಏಕರೆ ಅರೇಬಿಕಾ ಕಾಫಿ ತೋಟ. ಹಣ್ಣನ್ನು ಸಣ್ಣ ಪಲ್ಪರ್‌ಗೆ (ಸಿಪ್ಪೆ ಸುಲಿಯುವ ಯಂತ್ರ) ಹಾಕಿ, ಬೀಜವನ್ನು ತೊಳೆದು ಒಣಗಿಸಿ ಪಾರ್ಚ್‌ಮೆಂಟ್ ಮಾಡುತ್ತೇವೆ. ಬೀಜ ತೊಳೆದ ನೀರು ಮೊದಲಿನಿಂದಲೂ ಪಕ್ಕದ ತೋಡಿಗೇ (ಸಣ್ಣ ಹಳ್ಳಕ್ಕೆ) ಹೋಗುತ್ತದೆ. ಕೊಟ್ಟಿಗೆ ಮತ್ತು ಹಂದಿಗೂಡು ತೊಳೆದ ನೀರೂ ಅಲ್ಲಿಗೇ ಸೇರುತ್ತದೆ. ಆ ನೀರನ್ನು ದನಗಳು ಮೂಸಿಯೂ ನೋಡುತ್ತಿಲ್ಲವೆಂದು ಕೆಳಗಿನ ಗದ್ದೆಯವರು ಈಗ ತಕರಾರು ತೆಗೆದಿದ್ದಾರೆ. ನಾವು ಸಾಕಷ್ಟು ನೀರು ಬೆರೆಸಿಯೇ ಬಿಡುತ್ತೇವೆ. ಕಾರ್ಖಾನೆಗಳಿಗೆ ಮಾಡಿದ ಕಾನೂನು ಸಣ್ಣ ಬೆಳೆಗಾರರಿಗೂ ಅನ್ವಯಿಸುತ್ತದೆಯೇ?
— ಒಬ್ಬ ಬೆಳೆಗಾರರು, ಪೊನ್ನಂಪೇಟೆ ತಾಲ್ಲೂಕು

ಉತ್ತರ: ಅನ್ವಯಿಸುತ್ತದೆ. 1974ರ ಜಲ ಮಾಲಿನ್ಯ ತಡೆ ಮತ್ತು ನಿಯಂತ್ರಣ ಕಾಯ್ದೆಯ 24ನೇ ಕಲಮು, ತಿಳಿದೂ ತಿಳಿದೂ ಹೊಳೆಗೋ ಬಾವಿಗೋ ಮಲಿನ ವಸ್ತುವನ್ನು ಬಿಡುವುದನ್ನು ನಿಷೇಧಿಸುತ್ತದೆ. ಬಿಡುವವರು ಕಾರ್ಖಾನೆಯವರೋ ತೋಟದವರೋ ಎಂದು ಅದು ನೋಡುವುದಿಲ್ಲ. ಕೆಳಗಿನವರು ಬಂದು ಹೇಳಿದ ಮೇಲೆ ‘ನಮಗೆ ಗೊತ್ತಿರಲಿಲ್ಲ’ ಎನ್ನುವ ಮಾತಿಗೂ ಎಡೆಯಿಲ್ಲ.

ನೀರು ಬೆರೆಸುತ್ತೇವೆ ಎಂದಿದ್ದೀರಿ. ನನ್ನ ನಿಜವಾದ ಆಕ್ಷೇಪ ಇರುವುದು ಅಲ್ಲಿಯೇ. ಬೀಜಕ್ಕೆ ಅಂಟಿದ ಲೋಳೆಯಲ್ಲಿ ಸಕ್ಕರೆ ಮತ್ತು ಪೆಕ್ಟಿನ್ ತುಂಬಿರುತ್ತವೆ. ಇವನ್ನು ತಿಂದು ಬೆಳೆಯುವ ಸೂಕ್ಷ್ಮಜೀವಿಗಳು ತೋಡಿನ ಆಮ್ಲಜನಕವನ್ನೆಲ್ಲ ಹೀರಿಬಿಡುತ್ತವೆ, ಮೀನು ಉಸಿರುಗಟ್ಟಿ ಸಾಯುತ್ತದೆ. ಈ ಆಮ್ಲಜನಕದ ಬೇಡಿಕೆಯನ್ನು ಬಿಒಡಿ ಎಂದು ಅಳೆಯುತ್ತಾರೆ. ಊರ ಚರಂಡಿ ನೀರಿನಲ್ಲಿ ಅದು ಸಾಮಾನ್ಯವಾಗಿ ಲೀಟರಿಗೆ 200ರಿಂದ 300 ಮಿಲಿಗ್ರಾಂ ಇದ್ದರೆ, ಪಲ್ಪಿಂಗ್ ನೀರಿನಲ್ಲಿ ಹಲವು ಸಾವಿರ ಇರುತ್ತದೆ. ಹೊಳೆಗೆ ಬಿಡಲು ಇರುವ ಸಾಮಾನ್ಯ ಮಿತಿ 30, ಭೂಮಿಗೆ ಹಾಯಿಸಲು 100. 3000ದಷ್ಟು ಇರುವ ಒಂದು ಲೀಟರನ್ನು 30ಕ್ಕೆ ಇಳಿಸಬೇಕಾದರೆ ಹೆಚ್ಚುಕಡಿಮೆ ನೂರು ಲೀಟರ್ ಶುದ್ಧ ನೀರು ಬೇಕು. ಅರೇಬಿಕಾ ಕುಯ್ಲು ನಡೆಯುವುದೋ ಮಳೆ ನಿಂತು ತೋಡು ಸೊರಗುತ್ತಾ ಹೋಗುವ ನವೆಂಬರ್‌ನಿಂದ ಜನವರಿಯವರೆಗೆ. ಅಷ್ಟು ನೀರನ್ನು ಎಲ್ಲಿಂದ ತರುತ್ತೀರಿ? ನಿಮ್ಮ ನೀರು ತೋಡಿಗೆ ಬೀಳುವ ಜಾಗದಿಂದ ತುಸು ಕೆಳಗೆ ಕಲ್ಲುಗಳನ್ನು ಮುಟ್ಟಿ ನೋಡಿ: ಬೂದುಬಿಳಿ ಲೋಳೆ ಕಟ್ಟಿ ಕೊಳೆತ ವಾಸನೆ ಬರುತ್ತಿದ್ದರೆ ಗದ್ದೆಯವರ ದೂರು ಸುಳ್ಳಲ್ಲ.

ಬೇಲಿಯಾಚೆಯ ದೊಡ್ಡ ಎಸ್ಟೇಟಿಗೂ ನಿಮಗೂ ಒಂದೇ ನಿಯಮ, ಆದರೆ ಒಂದೇ ಕೈಬಲವಿಲ್ಲ ಎಂಬ ನೋವು ನನಗೆ ಅರ್ಥವಾಗುತ್ತದೆ. ಮಿತಿಯನ್ನು ಸಡಿಲಿಸುವುದು ಇದಕ್ಕೆ ಪರಿಹಾರವಲ್ಲ, ಏಕೆಂದರೆ ಸಣ್ಣ ತೋಟಗಳ ನೀರೆಲ್ಲ ಕೂಡಿ ಸೇರುವುದು ಲಕ್ಷ್ಮಣತೀರ್ಥಕ್ಕೋ ಕಾವೇರಿಗೋ ತಾನೇ. ನಾಲ್ಕೈದು ಮನೆಯವರು ಸೇರಿ ಒಂದೇ ಕಡೆ ಪಲ್ಪಿಂಗ್ ಮಾಡಿ, ಕಡಿಮೆ ನೀರು ಬೇಡುವ ಇಕೋ ಪಲ್ಪರ್ ಮತ್ತು ಕೊಳಕು ನೀರು ನಿಲ್ಲಿಸುವ ಹೊಂಡಗಳ ಖರ್ಚನ್ನು ಹಂಚಿಕೊಳ್ಳುವುದೇ ಮೇಲು. ಸರ್ಕಾರದ ನೆರವು ಮೊದಲು ಹೋಗಬೇಕಾದದ್ದೂ ಇಂಥ ಕೂಟಗಳಿಗೆ.

ಸದ್ಯಕ್ಕೆ ಸಿಪ್ಪೆಯನ್ನು ಜಾಲರಿಯಲ್ಲಿ ಬೇರ್ಪಡಿಸಿ, ತೋಡಿನಿಂದ ದೂರದಲ್ಲಿ ಸಗಣಿಯೊಂದಿಗೆ ಗೊಬ್ಬರಕ್ಕೆ ಹಾಕಿ. ಬೀಜ ತೊಳೆದ ಹುಳಿ ನೀರಿಗೆ ಸುಣ್ಣ ಬೆರೆಸಿ, ತಳಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡದಲ್ಲಿ ನಿಲ್ಲಿಸಿ. ಹಾಸದಿದ್ದರೆ ಅದು ನಿಮ್ಮ ಬಾವಿಗೇ ಇಂಗುತ್ತದೆ. ಹೊಂಡದ ಅಳತೆಯನ್ನು ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರದಲ್ಲಿ ವಿಚಾರಿಸಿ, ಅನುಮತಿಗೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯನ್ನು ಕೇಳಿ. ಕೊಟ್ಟಿಗೆ, ಹಂದಿಗೂಡಿನ ನೀರಿಗೆ ಗೋಬರ್ ಗ್ಯಾಸ್ ಗುಂಡಿ ಸಾಕು.

ಹೊಂಡ ಸಿದ್ಧವಾಗುವ ತನಕ ಉಳಿದ ಹಣ್ಣನ್ನು ಕಣದಲ್ಲಿ ಚೆರ್ರಿಯಾಗಿಯೇ, ಅಂದರೆ ಸಿಪ್ಪೆ ಸಮೇತ, ಒಣಗಿಸಿ. ಬೆಲೆ ಪಾರ್ಚ್‌ಮೆಂಟಿನಷ್ಟು ಸಿಗಲಿಕ್ಕಿಲ್ಲ, ಆದರೆ ತೊಳೆಯುವ ನೀರೇ ಬೇಕಾಗುವುದಿಲ್ಲ.