ಪ್ರತಿಕ್ರಿಯೆ: ‘ಮಿತವ್ಯಯ’ ಅಂದರೆ ಜಿಪುಣತನವೇ?

ಮಿತವ್ಯಯವೂ ಜಿಪುಣತನವೂ ಒಂದೇನಾ, ಪದ ಎಲ್ಲಿಂದ ಬಂತು ಅಂತ ಕೇಳಿದ್ದೀರಿ. ಒಂದೇ ಅಲ್ಲ. ‘ಮಿತವ್ಯಯ’ ಪದದ ಎರಡೂ ಭಾಗ ಸಂಸ್ಕೃತದ್ದು. ‘ಮಿತ’ ಅಂದರೆ ಅಳೆದದ್ದು. ‘ಮಾ’, ಅಂದರೆ ಅಳೆ ಅನ್ನೋ ಧಾತುವಿನಿಂದ ಬಂದದ್ದು. ಪ್ರಮಾಣ, ಪರಿಮಿತಿ, ಅಷ್ಟೇ ಯಾಕೆ, ನಾವು ನುಂಗುವ ಮಾತ್ರೆ ಕೂಡ ಇದೇ ಬಳಗ. ಹಾಗಾಗಿ ಇಲ್ಲಿ ಕಡಿಮೆ ಅನ್ನೋದಕ್ಕಿಂತ ಅಳತೆ ಮುಖ್ಯ.

‘ವ್ಯಯ’ ನನಗೆ ತುಂಬಾ ಇಷ್ಟ. ‘ಇ’ ಅಂದರೆ ಹೋಗು, ಅದಕ್ಕೆ ‘ವಿ’ ಸೇರಿದರೆ ದೂರ ಹೋಗೋದು, ಕೈಬಿಟ್ಟು ಹೋಗೋದು. ಅದೇ ಧಾತುವಿಗೆ ‘ಆ’ ಸೇರಿದರೆ ‘ಆಯ’, ಅಂದರೆ ಬರೋದು, ಅದಕ್ಕೇ ಬಜೆಟ್ಟಿಗೆ ಆಯವ್ಯಯ ಅಂತೀವಿ. ವ್ಯಾಕರಣದಲ್ಲಿ ಓದಿದ ‘ಅವ್ಯಯ’ ನೆನಪಿದೆಯಲ್ವಾ? ಅದೂ ಇದೇ, ಲಿಂಗ ವಚನ ವಿಭಕ್ತಿ ಯಾವುದು ಬಂದರೂ ರೂಪ ಕಳೆದುಕೊಳ್ಳದ ಪದ. ಅರವತ್ತು ಸಂವತ್ಸರಗಳಲ್ಲೂ ಒಂದು ‘ವ್ಯಯ’ ಇದೆ.

ಇನ್ನು ಜಿಪುಣನಿಗೆ ಸಂಸ್ಕೃತದಲ್ಲಿ ‘ಕೃಪಣ’ ಅಂತಾರೆ. ಅದರ ಹಳೆಯ ಅರ್ಥ ದೀನ, ಮರುಕಪಡಬೇಕಾದವನು. ‘ಕೃಪೆ’ಗೆ ಅದು ಹತ್ತಿರದ ನೆಂಟ. ಅಳೆದು ಖರ್ಚು ಮಾಡೋರನ್ನ ಸುಮ್ನೆ ಆ ಸಾಲಿಗೆ ಸೇರಿಸೋದು ಸರಿಯಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚೋರು ಅವರು. ಮಾತಿನಲ್ಲಿ ‘ಹಿಡಿತದ ಖರ್ಚು’ ಅಂದರೂ ಸಾಕು, ಅರ್ಥ ಪೂರ್ತಿ ಬರುತ್ತೆ.