ಯಕೃತ್ತಿನ ಕಾಯಿಲೆಗೆ ನೀರು ಕಾರಣವೋ, ಪುಡಿ ಕಾರಣವೋ?

ಪ್ರಶ್ನೆ: ನಮ್ಮದು ಮುಂಡರಗಿ ತಾಲ್ಲೂಕಿನ ಒಂದು ಹಳ್ಳಿ. 36 ವರ್ಷದ ನನ್ನ ತಮ್ಮನಿಗೆ ಹೋದ ತಿಂಗಳು ರಕ್ತವಾಂತಿಯಾಗಿ, ಹುಬ್ಬಳ್ಳಿಗೆ ಕರೆದೊಯ್ದೆವು. ಗುಲ್ಮ ದೊಡ್ಡದಾಗಿದೆ, ಯಕೃತ್ತಿಗೆ ಹೋಗುವ ರಕ್ತನಾಳದಲ್ಲಿ ಒತ್ತಡ ಹೆಚ್ಚಿದೆ, ಆದರೆ ಸಿರೋಸಿಸ್ (ಯಕೃತ್ತು ಗಾಯಗೊಂಡು ಗಟ್ಟಿಯಾಗುವ ಕಾಯಿಲೆ) ಇಲ್ಲ ಎಂದು ವೈದ್ಯರು ಹೇಳಿದರು. ಅವನು ಕುಡಿಯುವವನಲ್ಲ, ಹೆಪಟೈಟಿಸ್ ಬಿ, ಸಿ ಎರಡೂ ಇಲ್ಲ. ಸೋರಿಯಾಸಿಸ್‌ಗೆಂದು ಒಬ್ಬರು ಕೊಡುತ್ತಿದ್ದ ಪುಡಿಯನ್ನು ನಾಲ್ಕೈದು ವರ್ಷ ಸೇವಿಸಿ, ಎರಡು ವರ್ಷಗಳ ಹಿಂದೆ ಬಿಟ್ಟಿದ್ದಾನೆ. ಬೋರ್‌ವೆಲ್ ನೀರಿನಲ್ಲಿರುವ ಆರ್ಸೆನಿಕ್‌ನಿಂದ ಹೀಗಾಗಿದೆ ಎಂದು ಊರಲ್ಲಿ ಹೇಳುತ್ತಾರೆ. ನಿಜವೇ?

ಉತ್ತರ: ಆರ್ಸೆನಿಕ್, ಅಂದರೆ ಪಾಷಾಣ, ಇಂಥ ಕಾಯಿಲೆಯನ್ನು ತರಬಲ್ಲದು. ಆದರೆ ನೀವು ಬರೆದಿರುವುದನ್ನು ನೋಡಿದರೆ ನಾನು ನೀರಿಗಿಂತ ಮೊದಲು ಆ ಪುಡಿಯನ್ನು ಅನುಮಾನಿಸುತ್ತೇನೆ.

ಸಿರೋಸಿಸ್ ಇಲ್ಲದೆಯೇ ಯಕೃತ್ತಿನೊಳಗಿನ ಸಣ್ಣ ರಕ್ತನಾಳಗಳ ಸುತ್ತ ನಾರು ಬೆಳೆದು, ಒತ್ತಡ ಏರಿ, ಅನ್ನನಾಳದ ರಕ್ತನಾಳಗಳು ಉಬ್ಬಿ ಒಡೆಯುವ ಸ್ಥಿತಿಯಲ್ಲಿ ಯಕೃತ್ತಿನ ರಕ್ತಪರೀಕ್ಷೆಗಳು ಬಹುಮಟ್ಟಿಗೆ ಸರಿಯಾಗಿಯೇ ಬರುವುದರಿಂದ ಕಾಯಿಲೆ ತಡವಾಗಿ ಗೊತ್ತಾಗುತ್ತದೆ. ಇದಕ್ಕೆ ದೀರ್ಘಕಾಲ ಹೊಟ್ಟೆಗೆ ಹೋದ ಆರ್ಸೆನಿಕ್ ಕಾರಣವಿರಬಹುದೆಂದು ಚಂಡೀಗಢದ ವೈದ್ಯರು 1979ರಲ್ಲೇ ಬರೆದಿದ್ದರು. ಮುಂದೆ ಪಶ್ಚಿಮ ಬಂಗಾಳದಲ್ಲಿ ಕೊಳವೆಬಾವಿಯ ನೀರು ಕುಡಿದವರ ಯಕೃತ್ತಿನಲ್ಲೂ ಇಂಥದೇ ಬದಲಾವಣೆಗಳು ಕಂಡವು. ಸೋರಿಯಾಸಿಸ್‌ಗೆ ಹಿಂದೆ ಅಲೋಪಥಿಯಲ್ಲೇ ಕೊಡುತ್ತಿದ್ದ ಫೌಲರ್ ದ್ರಾವಣದಲ್ಲಿ ಆರ್ಸೆನಿಕ್ ಇರುತ್ತಿತ್ತು, ಅದನ್ನು ವರ್ಷಗಟ್ಟಲೆ ಕುಡಿದವರಿಗೂ ಹೀಗಾಗಿದೆ. ಕೆಲವು ನಾಟಿ ಔಷಧಿಗಳಲ್ಲಿ ಬಳಸುವ ಹರತಾಳ, ಮಣಿಶಿಲೆ ಎರಡೂ ಆರ್ಸೆನಿಕ್‌ನ ಖನಿಜಗಳೇ. ಆದ್ದರಿಂದ ಮನೆಯಲ್ಲಿ ಒಂದು ಪೊಟ್ಟಣವಾದರೂ ಉಳಿದಿದ್ದರೆ ಎಸೆಯದೆ ವೈದ್ಯರಿಗೆ ಕೊಟ್ಟು, ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿರಿ.

ನೀರಿನ ಅನುಮಾನವೂ ಆಧಾರವಿಲ್ಲದ್ದಲ್ಲ. ಕಪ್ಪತಗುಡ್ಡದ ಚಿನ್ನದ ಅದಿರಿನ ಜೊತೆ ಆರ್ಸೆನಿಕ್‌ ಇರುವ ಖನಿಜವಿದೆ. ರಾಯಚೂರು, ಯಾದಗಿರಿಗಳ ಚಿನ್ನದ ಅದಿರಿರುವ ಪ್ರದೇಶದ ಕೆಲವು ಹಳ್ಳಿಗಳ ನೀರಿನಲ್ಲಿ ಅದು ಪತ್ತೆಯಾಗಿದೆ. ಹಾಗೆಂದು ಬಂಡೆಯಲ್ಲಿರುವುದೆಲ್ಲ ನಿಮ್ಮ ಬೋರ್‌ವೆಲ್‌ಗೆ ಇಳಿದಿರಲೇಬೇಕೆಂದಿಲ್ಲ. ಗದಗ ಭಾಗದ ಅಂತರ್ಜಲದ ಹೆಸರಾದ ತೊಂದರೆ ಫ್ಲೋರೈಡ್. ಅದು ಹಲ್ಲು, ಮೂಳೆಗಳನ್ನು ಕೆಡಿಸುತ್ತದೆ. ನೀರನ್ನು ಪ್ರಯೋಗಾಲಯಕ್ಕೆ ಕೊಡುವಾಗ ಆರ್ಸೆನಿಕ್ ಪರೀಕ್ಷೆ ಬೇಕೆಂದು ಬಾಯಿಬಿಟ್ಟು ಕೇಳಿರಿ. ಲೀಟರಿಗೆ 0.01 ಮಿಲಿಗ್ರಾಂ ಮೀರಬಾರದು. ಕುದಿಸಿದರೆ ಅದು ಹೋಗುವುದಿಲ್ಲ.

ತಮ್ಮನ ಅಂಗೈ, ಅಂಗಾಲುಗಳನ್ನು ಬೆಳಕಿನಲ್ಲಿ ನೋಡಿರಿ. ಕಾಳಿನಷ್ಟು ಗಟ್ಟಿ ಗಂಟುಗಳು, ಎದೆ ಬೆನ್ನಿನ ಮೇಲೆ ಕಪ್ಪು ಬಿಳಿ ಚುಕ್ಕೆಗಳು ಇದ್ದರೆ ಸೋರಿಯಾಸಿಸ್ ಎಂದು ಬಿಡದೆ ಚರ್ಮವೈದ್ಯರಿಗೆ ತೋರಿಸಿರಿ. ಅದೇ ನೀರು ಕುಡಿಯುವ ಮನೆಯ ಉಳಿದವರಲ್ಲೂ ಇವು ಕಂಡರೆ ನೀರಿನ ಮೇಲಿನ ಅನುಮಾನ ಬಲವಾಗುತ್ತದೆ. ಮೂತ್ರಪರೀಕ್ಷೆ ಹೇಳುವುದು ಈಚಿನ ಕೆಲವು ದಿನಗಳ ವಿಷಯವನ್ನು, ಕೂದಲು ಉಗುರು ಹೇಳುವುದು ಕೆಲವು ತಿಂಗಳುಗಳದ್ದನ್ನು; ಪುಡಿ ಬಿಟ್ಟು ಎರಡು ವರ್ಷವಾದ ಮೇಲೆ ಇವು ಸರಿಯಾಗಿ ಬಂದರೂ ಪುಡಿ ನಿರ್ದೋಷಿ ಎಂದಾಗುವುದಿಲ್ಲ.

ಕಾರಣ ಹುಡುಕುವ ಗಡಿಬಿಡಿಯಲ್ಲಿ ಚಿಕಿತ್ಸೆ ನಿಲ್ಲಬಾರದು. ಎಂಡೋಸ್ಕೋಪಿಗೆ ಕೊಟ್ಟ ದಿನಾಂಕ ತಪ್ಪಿಸಬೇಡಿರಿ, ವೈದ್ಯರನ್ನು ಕೇಳದೆ ನೋವಿನ ಮಾತ್ರೆ ಕೊಡಬೇಡಿರಿ. ಮಲ ಕಪ್ಪಗೆ ಅಂಟಂಟಾಗಿ ಹೋದರೆ ಬೆಳಗಾಗಲಿ ಎಂದು ಕಾಯದೆ ಆಗಲೇ ಆಸ್ಪತ್ರೆಗೆ ಹೊರಡಿರಿ.