ಹುಲಿಗೂ ಸುಳ್ಳಿಗೂ ನಡುವೆ ಏನಿದೆ?

ನಮಸ್ಕಾರ ಮೇಡಂ,

ಕತೆಯಲ್ಲಿ ಯಾವುದರಿಂದ ಏನಾಯ್ತು ಅಂತ ಗುರುತಿಸುವುದನ್ನು ಚಿಕ್ಕ ಮಕ್ಕಳಿಗೆ ಕಲಿಸುವ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಅದನ್ನು ಪ್ರಕಟಿಸಲು ಆಗುವುದಿಲ್ಲ. ವಾಪಸ್ ಕಳಿಸಿ ಸುಮ್ನೆ ಕೂರಲೂ ಮನಸ್ಸಿಲ್ಲ. ಕೊನೆಯ ಪುಟದಲ್ಲಿ ನಿಮ್ಮ ಅಂಗನವಾಡಿಯ ಒಬ್ಬ ಹುಡುಗಿ ಬರುತ್ತಾಳಲ್ಲ, ಅವಳಿಗಾಗಿ ಈ ಪತ್ರ.

ಮೊದಲು ಆ ಕೋಷ್ಟಕ. ಎಡಕ್ಕೆ ಕಾರಣ, ಬಲಕ್ಕೆ ಪರಿಣಾಮ, 14 ಸಾಲು. 'ರವಿ ಐಸ್‌ಕ್ರೀಮನ್ನು ಬಿಸಿಲಲ್ಲಿಟ್ಟ. ಅದು ಕರಗಿತು.' ತಪ್ಪೇನಿಲ್ಲ, ಆದರೆ ಕತೆಯೂ ಇಲ್ಲ. ಮುಂದೇನಾಯ್ತು ಅಂತ ಯಾವ ಮಗುವೂ ಕೇಳುವುದಿಲ್ಲ. ಪೂರ್ತಿ ತೆಗೆಯಿರಿ.

ಜಾಸ್ತಿ ಹೇಳಬೇಕಾದದ್ದು 'ಹುಲಿ ಬಂತು ಹುಲಿ' ಕತೆಯ ಬಗ್ಗೆ. ನೀವು ಬರೆದದ್ದು ಹೀಗೆ: 'ಕಾರಣ: ಹುಡುಗ ಸುಳ್ಳು ಹೇಳಿದ. ಪರಿಣಾಮ: ಹುಲಿ ಕುರಿಗಳನ್ನು ತಿಂದಿತು.' 4 ವರ್ಷದ ಮಗುವಿನ ಕಿವಿಯಿಂದ ಇದನ್ನು ಕೇಳಿ ನೋಡಿ. ಸುಳ್ಳು ಹೇಳಿದರೆ ಹುಲಿ ಬರುತ್ತದೆ! ಆದರೆ ಹುಲಿಗೆ ಆ ಸುಳ್ಳಿನ ಸುದ್ದಿಯೇ ಗೊತ್ತಿಲ್ಲ, ಅಲ್ವಾ? ಅದಕ್ಕೆ ಹಸಿವಾಗಿತ್ತು, ಬಂತು. ಸುಳ್ಳಿನಿಂದ ಕೆಟ್ಟದ್ದು ಊರಿನವರ ನಂಬಿಕೆ. ಎರಡು ಸಲ ದೊಣ್ಣೆ ಹಿಡಿದು ಓಡಿ ಬಂದರು, ಬೈದುಕೊಂಡು ವಾಪಸ್ ಹೋದರು. ಮೂರನೇ ಸಲ ಕೂಗು ಕೇಳಿಸಿತು, ಯಾರೂ ಎದ್ದು ಬರಲಿಲ್ಲ. ಹುಲಿಯನ್ನು ಓಡಿಸುವವರೇ ಇರಲಿಲ್ಲ. ಈ ನಡುವಿನ ಕೊಂಡಿಗಳನ್ನೆಲ್ಲ ನೀವು ಬಿಟ್ಟಿದ್ದೀರಿ. ಕತೆ ಇರುವುದೇ ಅಲ್ಲಿ. ನೀತಿ ಹೇಳುವ ಅವಸರದಲ್ಲಿ ಕಾರಣದ ಜಾಗಕ್ಕೆ ಶಿಕ್ಷೆ ಬಂದು ಕೂತಿದೆ. ಅದನ್ನು ಕೇಳಿದ ಮಗು ಹೆದರೀತು, ಯೋಚನೆ ಮಾಡಲಾರದು. 'ಊರಿನವರು ಮೂರನೇ ಸಲ ಯಾಕೆ ಬರಲಿಲ್ಲ?' ಈ ಒಂದು ಪ್ರಶ್ನೆ ಕೇಳಿ, ಸುಮ್ಮನೆ ಕಾಯಿರಿ. ಉತ್ತರ ನೀವೇ ಹೇಳಿಬಿಡಬೇಡಿ.

'7 ವರ್ಷದವರೆಗೆ ಮಕ್ಕಳಿಗೆ ಕಾರಣ ತಿಳಿಯುವುದಿಲ್ಲ ಎಂದು ಪಿಯಾಜೆ ಹೇಳಿದ್ದಾರೆ' ಎಂಬ ಸಾಲನ್ನೂ ಬಿಡಿ. 1920ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಪಿಯಾಜೆ ಜಿನೀವಾದ ಮಕ್ಕಳಿಗೆ 'ಯಾಕಂದ್ರೆ' ಎಂದು ನಿಲ್ಲುವ ಅರ್ಧ ವಾಕ್ಯ ಕೊಟ್ಟು ಮುಗಿಸಲು ಹೇಳಿದ್ದರು. ಚಿಕ್ಕವರು ಕಾರಣ, ಪರಿಣಾಮಗಳನ್ನು ಅದಲುಬದಲು ಮಾಡಿದ್ದು ನಿಜ. ಆದರೆ 1979ರಲ್ಲಿ ಮೆರ್ರಿ ಬುಲಕ್ ಮತ್ತು ರೋಶೆಲ್ ಗೆಲ್ಮನ್ ಎಂಬ ಇಬ್ಬರು ಸಂಶೋಧಕರು ಮಕ್ಕಳ ಮುಂದೆ ಒಂದು ಪೆಟ್ಟಿಗೆ ಇಟ್ಟರು. ಒಂದು ಕಡೆಯಿಂದ ಚೆಂಡು ಉರುಳಿತು. ಪೆಟ್ಟಿಗೆಯಿಂದ ಗೊಂಬೆ ಚಿಮ್ಮಿತು. ಆಮೇಲೆ ಇನ್ನೊಂದು ಕಡೆಯಿಂದ ಮತ್ತೊಂದು ಚೆಂಡು. ಗೊಂಬೆಯನ್ನು ಎಬ್ಬಿಸಿದ್ದು ಯಾವುದು? 3 ವರ್ಷದವರಲ್ಲೂ ಹೆಚ್ಚಿನವರು ಮೊದಲ ಚೆಂಡನ್ನೇ ತೋರಿಸಿದರು. ಯಾಕೆ ಅಂತ ಹೇಳಲು ಮಾತ್ರ ತಡವರಿಸಿದರು. ತಿಳಿವಳಿಕೆ ಇತ್ತು, ಮಾತು ಸಾಲಲಿಲ್ಲ.

ಮಾತು ಅಂದಾಗ, ಕಾರಣವನ್ನು ಗುರುತಿಸಲು ನೀವು ಕೊಟ್ಟ 'ಸಂಕೇತ ಪದ'ಗಳು ನೆನಪಾದವು. 'ಏಕೆಂದರೆ', 'ಆದ್ದರಿಂದ', 'ಪರಿಣಾಮವಾಗಿ'. ಇದು ಇಂಗ್ಲಿಷ್ ಪಟ್ಟಿಯ ನೆರಳು. ಕತೆ ಹೇಳುವ ಯಾವ ಅಜ್ಜಿ 'ಪರಿಣಾಮವಾಗಿ' ಅಂತಾಳೆ? 'ಮಳೆ ಬಂದು ಮನೆ ಬಿತ್ತು' ಅಂತಾಳೆ. ಆ 'ಬಂದು' ಒಳಗೇ ಕಾರಣ ಅಡಗಿದೆ. ಆದರೆ 'ಮುಖ ತೊಳೆದು ತಿಂಡಿ ತಿಂದ' ಅಂದಾಗ 'ತೊಳೆದು' ಬರೀ ಒಂದಾದ ಮೇಲೊಂದು ಅನ್ನುತ್ತದೆ. ರೂಪ ಒಂದೇ, ಕೆಲಸ ಬೇರೆ. ನಮ್ಮ ಮಕ್ಕಳು ಇದನ್ನು ಬಿಡಿಸಿಕೊಳ್ಳಬೇಕು. ಇದರ ಬಗ್ಗೆ ಕನ್ನಡದಲ್ಲಿ ಬರೆಯುವ ನೀವು ಒಂದು ಸಾಲೂ ಹೇಳಿಲ್ಲ. ನನಗೆ ನಿಜಕ್ಕೂ ಬೇಸರವಾದದ್ದು ಇಲ್ಲೇ.

ಈಗ ಆ ಹುಡುಗಿ. ಕಾಗಕ್ಕ ಗುಬ್ಬಕ್ಕನ ಕತೆ ಹೇಳಿ, ಕಾಗಕ್ಕನ ಸಗಣಿ ಮನೆ ಯಾಕೆ ಹೋಯ್ತು ಅಂತ ನೀವು ಕೇಳಿದಿರಿ. 'ಕಾಗಕ್ಕ ಅಳ್ತಿದ್ಲು, ಅದಕ್ಕೇ' ಅಂದಳು. ನೀವು 'ತಪ್ಪು ಉತ್ತರ' ಎಂದು ಬರೆದು ಮುಂದೆ ಹೋದಿರಿ. ಮೇಡಂ, ಅಲ್ಲೇ ನಿಲ್ಲಬೇಕಿತ್ತು! ಅಳುವಿಗೂ ಬಿದ್ದ ಮನೆಗೂ ಸಂಬಂಧ ಇದೆ ಅಂತ ಅವಳು ಕಂಡುಕೊಂಡಿದ್ದಾಳೆ. ಹಿಂದುಮುಂದಾಗಿದೆ, ಅಷ್ಟೇ. 'ಮನೆ ಬೀಳೋಕೆ ಮುಂಚೆನೂ ಅಳ್ತಿದ್ಲಾ?' ಅಂತ ಕೇಳಬಹುದಿತ್ತು. 'ಮಳೆ ಬರದೇ ಇದ್ದಿದ್ರೆ?' ಅಂತಲೂ ಕೇಳಬಹುದಿತ್ತು. ಅದೇ ಮಳೆಗೆ ಗುಬ್ಬಕ್ಕನ ಕಲ್ಲಿನ ಮನೆ ಬೀಳಲಿಲ್ಲವಲ್ಲ. ಹಾಗಾದರೆ ಮಳೆಯೊಂದೇ ಕಾರಣವಾ? ಎಷ್ಟು ಒಳ್ಳೆ ಕತೆ ನಿಮ್ಮ ಕೈಯಲ್ಲಿದೆ ನೋಡಿ. ಇನ್ನು, 'ಮಗೂಗೆ ನೀರು ಹಾಕ್ತಿದೀನಿ, ಇರು' ಅಂತ ಗುಬ್ಬಕ್ಕ ಬಾಗಿಲು ತೆಗೆಯುವುದಿಲ್ಲ. ನಿಜವಾಗಿ ಅದಕ್ಕೇನಾ ತೆಗೆಯದೇ ಇದ್ದದ್ದು? ಮಳೆ ಬಂದು ಮನೆ ಬೀಳುವುದು ಕಣ್ಣಿಗೆ ಕಾಣುತ್ತದೆ. ಗುಬ್ಬಕ್ಕನ ಮನಸ್ಸಲ್ಲಿ ಏನಿತ್ತು ಅನ್ನುವುದನ್ನು ಮಗು ಊಹಿಸಬೇಕು. ಅದಕ್ಕೆ ಇನ್ನೂ ಸ್ವಲ್ಪ ದೊಡ್ಡವರಾಗಲಿ.

ಮತ್ತೆ ಬರೆಯಿರಿ. 600 ಪದ ಸಾಕು. ಆ ಹುಡುಗಿಯಿಂದಲೇ ಶುರು ಮಾಡಿ, ಹೆಸರು ಬೇಡ. ಬರೆಯುವ ಮೊದಲು ಅವಳಿಗೆ ಅದೇ ಕತೆ ಇನ್ನೊಂದು ಸಲ ಹೇಳಿ, ಈ ಪ್ರಶ್ನೆಗಳನ್ನು ಕೇಳಿ. ಅವಳು ಏನಂದಳೋ ಅವಳ ಮಾತಲ್ಲೇ ಬರೆದು ಕಳಿಸಿ. ತಿದ್ದಬೇಡಿ.

ಇತಿ,
ಸಂಪಾದಕ